ಕರೆ ತರುತ್ತಿದ್ದ ಪುಟ

ಆ ಕಂಪನಿಯಲ್ಲಿ ಅವನನ್ನು ಎಲ್ಲರೂ ಪೋಸ್ಟ್‌ಮಾಸ್ಟರ್ ಅಂತಲೇ ಕರೆಯುತ್ತಿದ್ದರು. ಅವನೇನೂ ಕಾಗದ ಹಂಚುವವನಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಇಂಟರ್ನೆಟ್ಟಿನಲ್ಲಿ ಕಂಪನಿಯ ಪೋಸ್ಟ್ ಹಾಕುತ್ತಿದ್ದ, ಅದಕ್ಕೆ ಆ ಹೆಸರು. ಗೋಡೆಯ ತೇವ ತಡೆಯುವ ಬಣ್ಣ ತಯಾರಿಸಿ, ಮನೆಗೆ ಹೋಗಿ ಬಳಿದುಕೊಡುವ ಚಿಕ್ಕ ಕಂಪನಿ ಅದು. ಕೆಳಗೆ ಗೋದಾಮು, ಮೇಲೆ ಆಫೀಸು. ಮೆಟ್ಟಿಲ ತುಂಬ ಬಣ್ಣದ ಘಾಟು.

ಅವನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಕೂತರೆ ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ಎದ್ದರೆ ಎಲ್ಲಿಗೆ ಹೊರಟೆ ಅನ್ನುವುದೇ ಮರೆತುಹೋಗುತ್ತಿತ್ತು. ಐದು ಕಡೆ ಪೋಸ್ಟು, ವಾರಕ್ಕೊಂದು ಲೇಖನ, ಹಳೆಯ ಗಿರಾಕಿಗಳಿಗೆ ಇಮೇಲು, ನಡುನಡುವೆ ಒಂದು ವಿಡಿಯೋ. ಎಲ್ಲ ಅವನೊಬ್ಬನೇ. ಅವನ ಮೇಜಿನ ಮೇಲ್ಗಡೆ ಗೋಡೆಯಲ್ಲಿ ಬಣ್ಣದ ಚೀಟಿ ಅಂಟಿಸಿದ ಕ್ಯಾಲೆಂಡರ್ ಇತ್ತು. ಅದರಲ್ಲಿ ಒಂದು ಚೌಕ ಖಾಲಿ ಕಂಡರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಏನಾದರೂ ತುಂಬಲೇಬೇಕು. ಏನೂ ಹೊಳೆಯದ ದಿನ 'ಶುಭ ಸೋಮವಾರ, ಒಣ ಗೋಡೆ, ನೆಮ್ಮದಿಯ ನಿದ್ದೆ' ಅಂತ ಹಾಕಿಬಿಡುತ್ತಿದ್ದ. ಹಾಕಿದ ಮೇಲೆ ಯಾರಾದರೂ ನೋಡಿದರಾ ಅಂತ ನೋಡುತ್ತಿದ್ದ. ಕೈ ತೊಳೆಯುವಾಗಲೂ ನೋಡುತ್ತಿದ್ದ.

ಹೆಂಡತಿ ಕಣ್ಣಿನ ಡಾಕ್ಟರ ಹತ್ತಿರ ಸಹಾಯಕಿ. ದಿನವಿಡೀ ಜನರನ್ನು ಅಲುಗಾಡದೆ ಕೂರಿಸುವುದೇ ಅವಳ ಕೆಲಸ. ಮನೆಗೆ ಬಂದರೆ ಗಂಡನನ್ನು ಮಾತ್ರ ಕೂರಿಸಲು ಆಗುತ್ತಿರಲಿಲ್ಲ. ಅವನ ಕಾಲಿಗೊಂದು ಡೈನಮೋ ಕಟ್ಟಿದರೆ ಕರೆಂಟಿನ ಬಿಲ್ಲೇ ಬರುವುದಿಲ್ಲ ಅನ್ನುತ್ತಿದ್ದಳು.

ಆಫೀಸಿನ ಕಿಟಕಿಯ ಪಕ್ಕದ ಕುರ್ಚಿ ಫೋನಕ್ಕನದು. ಕಂಪನಿಗೆ ಬರುವ ಫೋನನ್ನೆಲ್ಲ ಎತ್ತುವವಳು ಅವಳು. ಫೋನು ಎತ್ತಿದರೆ ಬೇಗ ಇಡುತ್ತಿರಲಿಲ್ಲ. ಯಾವ ಗೋಡೆ, ಅದರ ಆಚೆ ಏನಿದೆ, ಬಚ್ಚಲೋ ಓಣಿಯೋ, ಕಲೆ ಮೇಲಿಂದ ಇಳಿದಿದೆಯೋ ಕೆಳಗಿಂದ ಏರಿದೆಯೋ ಎಲ್ಲ ಕೇಳಿಕೊಂಡು ಆಮೇಲೆ ಕೆಲಸದವರನ್ನು ಕಳಿಸುತ್ತಿದ್ದಳು. ಗಂಡನಿಗೆ ಸೊಂಟ ಬಿದ್ದು ವರ್ಷಗಳಾಗಿದ್ದವು. ಅವಳ ಮನೆ ನಡೆಯುತ್ತಿದ್ದದ್ದು ಆ ಕುರ್ಚಿಯಿಂದ. ಪೋಸ್ಟ್‌ಮಾಸ್ಟರ್ ಹೊಸದಾಗಿ ಸೇರಿದಾಗ ಅವನಿಗೆ ಮೇಜು ಇರಲಿಲ್ಲ. ಅವಳ ಮೇಜಿನ ಅರ್ಧದಲ್ಲಿ ಕೂತು ಕೆಲಸ ಕಲಿತವನು ಅವನು. ಅಕ್ಕ ಅಂತ ಕರೆಯುತ್ತಿದ್ದ. ಅವಳು ತಮ್ಮ ಅನ್ನುತ್ತಿದ್ದಳು, ಸಿಟ್ಟು ಬಂದರೆ ಮಾಸ್ಟರೇ ಅನ್ನುತ್ತಿದ್ದಳು.

ಮಳೆಗಾಲಕ್ಕೆ ಮುಂಚೆ ಒಂದು ದಿನ ಯಜಮಾನರು ಅವನನ್ನು ಒಂದು ತರಬೇತಿಗೆ ಕಳಿಸಿದರು. ಅಲ್ಲಿ ಒಬ್ಬರು ದೊಡ್ಡ ಪರದೆಯ ಮುಂದೆ ನಿಂತು, ವೆಬ್‌ಸೈಟಿನಲ್ಲಿ ಹಳೆಯ ಪುಟಗಳು ಕೊಳೆತ ಹಣ್ಣಿನ ಹಾಗೆ, ಯಾರೂ ನೋಡದಿದ್ದನ್ನು ಕಿತ್ತು ಬಿಸಾಡಿ, ಬುಟ್ಟಿ ಹಗುರಾಗುತ್ತದೆ ಅಂದರು. ಅವನಿಗೆ ಮಾತು ಹಿಡಿಸಿತು. ಬಿಸಾಡುವುದು ಅಂದರೆ ಬೇಗ ಮುಗಿಯುವ ಕೆಲಸ. ಬೇಗ ಮುಗಿಯುವ ಕೆಲಸ ಅವನಿಗೆ ಯಾವತ್ತೂ ಇಷ್ಟ.

ಮರುದಿನವೇ ಕೂತು ಹಳೆಯ ಪುಟಗಳನ್ನು ಒಂದೊಂದಾಗಿ ತೆರೆದ. ಅದರಲ್ಲಿ ಒಂದು ಅವನೇ ಮೊದಲ ವರ್ಷ ಬರೆದದ್ದು. 'ಗೋಡೆ ಯಾಕೆ ಒದ್ದೆ ಅಂತ ನೀವೇ ನೋಡ್ಕೊಳ್ಳಿ' ಅಂತ ಅದರ ತಲೆಬರಹ. ಅಡುಗೆಮನೆಯ ಬೆಳ್ಳಿ ಹಾಳೆ ಇರುತ್ತದಲ್ಲ, ಊಟ ಸುತ್ತುವುದು, ಅದರ ಒಂದು ತುಂಡನ್ನು ಒದ್ದೆ ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮುಂದೆ, ಕೋಣೆಯ ಕಡೆ ಹನಿ ಇದ್ದರೆ ಅದು ನಿಮ್ಮ ಕೋಣೆಯ ಹಬೆ, ಕಿಟಕಿ ತೆಗೆಯಿರಿ ಸಾಕು. ಅಷ್ಟೇ ಆ ಪುಟದಲ್ಲಿ ಇದ್ದದ್ದು. ಚಿತ್ರ ಓರೆ. ಚಿತ್ರದ ಮೂಲೆಯಲ್ಲಿ ಅವನದೇ ಹೆಬ್ಬೆರಳು. ನೋಡಿ ಅವನಿಗೆ ನಾಚಿಕೆಯಾಯಿತು. ಚಿಕ್ಕಂದಿನ ಫೋಟೋವನ್ನು ಬೀಗರ ಮುಂದೆ ತೆಗೆದಷ್ಟು ನಾಚಿಕೆ.

ಎಷ್ಟು ಜನ ಬಂದಿದ್ದಾರೆ ಅಂತ ನೋಡಿದ. ಸೊನ್ನೆ ಇತ್ತು. ಅಳಿಸಿದ.

ಅವನು ತಪ್ಪಿದ್ದು ಇಲ್ಲಿ. ಬಂದವರನ್ನು ಎಣಿಸುವ ವ್ಯವಸ್ಥೆಯನ್ನು ಸೈಟು ಹೊಸದಾಗಿ ಮಾಡಿದಾಗ ಜೋಡಿಸಿದ್ದರು, ಅದೂ ಹೊಸ ಪುಟಗಳಿಗಷ್ಟೇ. ಹಳೆಯ ಪುಟಕ್ಕೆ ಎಣಿಸುವವನೇ ಇರಲಿಲ್ಲ. ಎಣಿಸದೇ ಇದ್ದದ್ದಕ್ಕೆ ಸೊನ್ನೆ ಇತ್ತು. ಅವನು ಅದನ್ನು ಯಾರೂ ಬರಲಿಲ್ಲ ಅಂತ ಓದಿಕೊಂಡ. ಜೋಡಿಸುವಾಗ ಪಕ್ಕದಲ್ಲಿ ನಿಂತವನು ಅವನೇ. ಗೊತ್ತಿತ್ತು. ಅವಸರದಲ್ಲಿ ಮರೆತಿದ್ದ.

ಮಳೆ ಶುರುವಾಯಿತು. ಪ್ರತಿ ವರ್ಷ ಮಳೆಯ ಹಿಂದೆಯೇ ಫೋನು ಹೊಡೆದುಕೊಳ್ಳುತ್ತಿತ್ತು. ಈ ಸಲ ಹೊಡೆದುಕೊಳ್ಳಲಿಲ್ಲ. ಬಂದ ಒಂದೆರಡು ಫೋನೂ ಬರೀ ರೇಟು ಕೇಳಿ ಇಡುವಂಥವು. ಫೋನಕ್ಕ ರಿಸೀವರ್ ಎತ್ತಿ ಕಿವಿಗಿಟ್ಟು, ಲೈನು ಇದೆಯಾ ಅಂತ ನೋಡಿ ಇಡುತ್ತಿದ್ದಳು. ಕೆಳಗೆ ಗೋದಾಮಿನಲ್ಲಿ ಬಣ್ಣ ಬಳಿಯುವವರು ಡಬ್ಬಗಳ ಮೇಲೆ ಕೂತು ಹರಟುತ್ತಿದ್ದರು.

ಪೋಸ್ಟ್‌ಮಾಸ್ಟರ್ ಕಾಲು ಸುಟ್ಟ ಬೆಕ್ಕಿನ ಹಾಗೆ ಆದ. ದಿನಕ್ಕೆ ಎರಡು ಹಾಕುತ್ತಿದ್ದವನು ನಾಲ್ಕು ಹಾಕಿದ. ಇಮೇಲಿನ ತಲೆಬರಹ ಬದಲಾಯಿಸಿದ, ಚಿತ್ರದ ಬಣ್ಣ ಬದಲಾಯಿಸಿದ, ಹಾಕುವ ಹೊತ್ತು ಬದಲಾಯಿಸಿದ. ವಿಡಿಯೋದಲ್ಲಿ ತಾನೇ ಬಂದು ಕೈ ಬೀಸಿದ. ಮೆಚ್ಚಿದವರು ಬಹಳ. ಅವರಲ್ಲಿ ಅರ್ಧ ಜನ ತನ್ನ ಹಾಗೆ ಬೇರೆ ಬೇರೆ ಕಂಪನಿಗಳಲ್ಲಿ ಪೋಸ್ಟ್ ಹಾಕುವವರೇ ಅನ್ನುವುದು ಅವನಿಗೂ ಗೊತ್ತಿತ್ತು. ಅವರು ಇವನದನ್ನು ಮೆಚ್ಚುತ್ತಿದ್ದರು, ಇವನು ಅವರದನ್ನು. ಯಾರ ಮನೆಯ ಗೋಡೆಯೂ ಒದ್ದೆ ಇರಲಿಲ್ಲ.

ಯಜಮಾನರು ಕೆಟ್ಟವರಲ್ಲ. ಆದರೆ ಸುಮ್ಮನಿರುವ ಫೋನು ನೋಡಿಕೊಂಡು ಎಷ್ಟು ದಿನ ಸುಮ್ಮನಿರುತ್ತಾರೆ. ಅವರ ತಲೆಗೆ ಒಂದು ಯೋಚನೆ ಹೊಕ್ಕಿತು. ಪೋಸ್ಟು ದಿನಾ ಹೋಗುತ್ತಿದೆ, ಮೆಚ್ಚುಗೆ ಬರುತ್ತಿದೆ, ಅಂದಮೇಲೆ ಆ ಕಡೆ ತಪ್ಪಿಲ್ಲ. ತಪ್ಪು ಫೋನಿನ ಕಡೆ. ಫೋನಕ್ಕ ಒಬ್ಬೊಬ್ಬರ ಹತ್ತಿರ ಅಷ್ಟು ಹೊತ್ತು ಮಾತಾಡುತ್ತಾಳೆ, ಹೋದ ಮಳೆಗಾಲದಲ್ಲಿ ಉಳಿದವರಿಗೆ ಲೈನು ಸಿಗಲಿಲ್ಲ, ಬೇಸತ್ತು ಬೇರೆ ಕಡೆ ಹೋದವರು ಈ ಸಲ ಬರಲೇ ಇಲ್ಲ. ಫೋನಿಗೆ ತಾನೇ ಉತ್ತರ ಕೊಡುವ ಮೆಷಿನ್ ಮಾರುವವನೊಬ್ಬ ಆಗಲೇ ಬಂದು ಹೋಗಿದ್ದ. ಬಣ್ಣ ಬೇಕಾದರೆ ಒಂದು ಒತ್ತಿ, ಕೆಲಸದವರು ಬೇಕಾದರೆ ಎರಡು ಒತ್ತಿ ಅನ್ನುವ ಮೆಷಿನ್. ಮುಂದಿನ ತಿಂಗಳಿಂದ ಅದನ್ನು ಇಡೋಣ ಅಂತ ಯಜಮಾನರು ಫೋನಕ್ಕನಿಗೇ ಹೇಳಿದರು. ಬೇರೆ ಕೆಲಸ ನೋಡಿಕೊಳ್ಳಮ್ಮ, ಒಳ್ಳೆ ಮಾತು ಬರೆದುಕೊಡುತ್ತೇನೆ ಅಂದರು.

ಅವಳು ಮಧ್ಯಾಹ್ನ ಊಟದ ಡಬ್ಬಿ ತೆಗೆದು ಮುಚ್ಚಿ ಇಟ್ಟಳು. ಪೋಸ್ಟ್‌ಮಾಸ್ಟರ್ ಹತ್ತಿರ ಹೋಗಿ ನಿಂತ. ಅವಳೇ ಹೇಳಿದಳು.

"ಈ ವಯಸ್ಸಲ್ಲಿ ನನ್ನ ಯಾರು ತಗೋತಾರೆ ತಮ್ಮ? ನಾನು ಕಲ್ತಿರೋದು ಒಂದೇ. ಹಲೋ ಅನ್ನೋದು."

ಅವನು ಇನ್ನೂ ಜೋರಾಗಿ ಪೋಸ್ಟ್ ಹಾಕುತ್ತೇನೆ ಅಂದ. ಹಾಕು ಅಂದಳು. ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ಫೋನಕ್ಕ ಗಂಡನನ್ನು ಆಸ್ಪತ್ರೆಗೆ ತೋರಿಸಲು ಅರ್ಧ ದಿನ ರಜೆ ಹಾಕಿದ್ದಳು. ಫೋನು ಬಂತು. ಪೋಸ್ಟ್‌ಮಾಸ್ಟರ್ ಓಡಿಹೋಗಿ ಎತ್ತಿದ. ಆ ಕಡೆ ಒಬ್ಬ ಅಜ್ಜಿ. ಕಂಪನಿ ಬಣ್ಣ ಹೇಗಿದೆ, ರೇಟು ಎಷ್ಟು ಅಂತ ಏನೂ ಕೇಳಲಿಲ್ಲ.

"ನಿಮ್ಮದೊಂದು ಪುಟ ಇತ್ತಲ್ಲಪ್ಪ, ಹೆಬ್ಬೆಟ್ಟು ಇರೋದು. ಅದೆಲ್ಲಿ ಹೋಯ್ತು?"

ಅವನು ಯಾವ ಪುಟ ಅಂತ ಕೇಳಿದ, ಗೊತ್ತಿದ್ದೂ ಕೇಳಿದ.

ಅಜ್ಜಿ ವಿವರಿಸಿದಳು. ಪಕ್ಕದ ಮನೆಯವರು ಆ ಪುಟ ನೋಡಿಯೇ ಇವರಿಂದ ಕೆಲಸ ಮಾಡಿಸಿಕೊಂಡಿದ್ದರಂತೆ. ಅವಳ ತಂಗಿಯೂ ಅಂತೆ. ಈಗ ಇವಳ ಮಲಗುವ ಕೋಣೆಯ ಗೋಡೆ ಒದ್ದೆ. ಬಾಯಿಂದ ಬಾಯಿಗೆ ಕೇಳಿದ್ದನ್ನು ನೆನಪಿಟ್ಟುಕೊಂಡು ಹಾಳೆ ಅಂಟಿಸಿದ್ದಾಳೆ. ಹನಿ ಬಂದಿದೆ. ಆದರೆ ಯಾವ ಕಡೆಯ ಹನಿಗೆ ಏನು ಅರ್ಥ ಅನ್ನುವುದು ಮರೆತುಹೋಗಿದೆ. ಮೊಮ್ಮಗಳ ಕೈಲಿ ಹುಡುಕಿಸಿದರೆ ಪುಟವೇ ಇಲ್ಲ, ಬೇರೆ ಕಂಪನಿಯದು ಬರುತ್ತದೆ.

"ಅವರು ನಂಬರ್ ಕೊಟ್ರೆ ಹೇಳ್ತೀವಿ ಅಂತಾರೆ. ನನ್ನ ಗೋಡೆ ವಿಷ್ಯ ತಿಳ್ಕೊಳ್ಳೋಕೆ ನನ್ನ ನಂಬರ್ ಯಾಕಪ್ಪ ಅವ್ರಿಗೆ?"

ಅವನು ನೋಡಿ ಹೇಳುತ್ತೇನೆ, ನಾನೇ ಫೋನು ಮಾಡುತ್ತೇನೆ ಅಂತ ಇಟ್ಟುಬಿಟ್ಟ. ಉತ್ತರ ಗೊತ್ತಿತ್ತು. ಹೇಳಲು ನಾಲಿಗೆ ಹೊರಳಲಿಲ್ಲ. ಕಂಪನಿಯ ಫೋನನ್ನು ಇಷ್ಟು ವರ್ಷ ಹೊಡೆಸುತ್ತಿದ್ದದ್ದು ಶುಭ ಸೋಮವಾರ ಅಲ್ಲ, ವಿಡಿಯೋ ಅಲ್ಲ. ಆ ಓರೆ ಚಿತ್ರದ ಪುಟ. ಅದನ್ನು ಕೊಂದವನು ತಾನು. ಅದಕ್ಕೆ ಕುರ್ಚಿ ಬಿಡುತ್ತಿರುವವಳು ಅಕ್ಕ.

ಪುಟ ವಾಪಸು ತರಲು ನೋಡಿದ. ಸೈಟು ನೋಡಿಕೊಳ್ಳುವವನಿಗೆ ಫೋನು ಮಾಡಿದ. ಬಹಳ ದಿನ ಆಯಿತು, ಕಸದ ಬುಟ್ಟಿಯೂ ಖಾಲಿಯಾಗಿದೆ ಅಂದ ಅವನು. ಅಳಿಸೋ ಮುಂಚೆ ಒಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಅಂತಲೂ ಕೇಳಿದ. ಈ ಮಾತನ್ನು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಇವನು ಆಗ ಫೋನು ನೋಡುತ್ತಿದ್ದಿರಬೇಕು.

ರಾತ್ರಿ ಮನೆಯಲ್ಲಿ ಹೊಸದಾಗಿ ಬರೆಯಲು ಕೂತ. ತಾನೇ ಬರೆದದ್ದು, ಏನು ಮಹಾ ಅಂದುಕೊಂಡ. ಬರಲಿಲ್ಲ. ಕೈ ಬೇರೆ ರೂಢಿಗೆ ಬಿದ್ದಿತ್ತು. 'ತೇವಮುಕ್ತ ಬದುಕಿನತ್ತ ಏಳು ಹೆಜ್ಜೆಗಳು' ಅಂತ ಬಂತು. ಅಳಿಸಿದ. 'ನಿಮ್ಮ ಗೋಡೆ ನಿಮ್ಮೊಡನೆ ಮಾತಾಡುತ್ತಿದೆಯೇ?' ಅಂತ ಬಂತು. ಎದ್ದು ನೀರು ಕುಡಿದು ಬಂದ. ಮತ್ತೆ ಎದ್ದ. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ಬಂದು ಓದಿದಳು. ಓದುತ್ತಾ ಅವಳ ಹುಬ್ಬು ಮೇಲೇರಿತು.

"ಇದು ಯಾರಿಗೆ ಬರ್ದಿದ್ದು?"

"ಎಲ್ಲರಿಗೂ."

"ಹಾಗಾದ್ರೆ ನನಗಲ್ಲ ಬಿಡಿ. ನಾನು ಎಲ್ಲರೂ ಅಲ್ಲ."

ಅವನಿಗೆ ಸಿಟ್ಟು ನೆತ್ತಿಗೇರಿತು. ಕಣ್ಣಿನ ಆಸ್ಪತ್ರೆಯಲ್ಲಿ ಕೂತು ಮಾರ್ಕೆಟಿಂಗ್ ಮಾತಾಡುವುದು ಸುಲಭ ಅಂದ. ಅವಳು ಮುಖ ಊದಿಸಿಕೊಳ್ಳಲಿಲ್ಲ. ತಾನು ಹನಿ ಮದ್ದು ಹಾಕುವಾಗ ಕಣ್ಣಿನ ವಿಷಯ ಹೇಳುವುದಿಲ್ಲ, ಅವರ ಕಣ್ಣಿನ ವಿಷಯ ಹೇಳುತ್ತೇನೆ, ಅದಕ್ಕೇ ಅವರು ಅಲುಗಾಡದೆ ಕೂರುತ್ತಾರೆ ಅಂದಳು. ಮೊದಲ ವರ್ಷ ಆ ಪುಟ ಯಾರಿಗೆ ಬರೆದಿದ್ದಿರಿ ಅಂತ ಕೇಳಿದಳು.

ಅವನಿಗೆ ನೆನಪಾಯಿತು. ಅಕ್ಕನ ಮೇಜಿನ ಅರ್ಧದಲ್ಲಿ ಕೂತಿದ್ದಾಗ ಯಾರೋ ಒಬ್ಬ ಹೊಸ ಬಾಡಿಗೆದಾರ, ಗೋಡೆಯ ಬೂಷ್ಟು ನೋಡಿ ಹೆದರಿ ಇಮೇಲು ಕಳಿಸಿದ್ದ. ಅವನಿಗೆ ಕೊಟ್ಟ ಉತ್ತರವನ್ನೇ ಆಮೇಲೆ ಸೈಟಿಗೂ ಹಾಕಿದ್ದು. ಆಗ ಪುರುಸೊತ್ತಿತ್ತು. ಕ್ಯಾಲೆಂಡರ್ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲು ಫೋನಕ್ಕನ ಮುಂದೆ ಹೋಗಿ ನಿಂತು ಎಲ್ಲ ಹೇಳಿದ. ಅವಳು ಕೇಳಿಸಿಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.

"ಅಂದ್ರೆ ಮಾಸ್ಟರೇ, ನೀವು ಮನೆ ಗುಡಿಸ್ತಾ ಗುಡಿಸ್ತಾ ನನ್ನೂ ಗುಡಿಸಿ ಹಾಕಿದ್ರಿ."

ಅವನು ತಲೆ ತಗ್ಗಿಸಿದ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಬೈಯಲಿಲ್ಲ, ಫೋನನ್ನು ಅವನ ಕಡೆ ತಳ್ಳಿದಳು. ಆ ಅಜ್ಜಿ ಕಾಯುತ್ತಿರುತ್ತಾಳೆ, ಮೊದಲು ಅವಳಿಗೆ ಹೇಳು ಅಂದಳು.

ಅಜ್ಜಿಗೆ ಫೋನು ಮಾಡಿದ. ಮಾತು ತಪ್ಪಿಹೋಗಬಾರದು ಅಂತ ಅವಳ ಒಪ್ಪಿಗೆ ಕೇಳಿ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ಹಾಳೆಯ ಹಿಂದೆ ಹನಿ ಇದ್ದರೆ ಅಂತ ಶುರು ಮಾಡಿದ. ಅಜ್ಜಿ ಬಿಡಲಿಲ್ಲ. ಹಿಂದೆ ಅಂದರೆ ಯಾವ ಹಿಂದೆ, ಗೋಡೆಗೆ ಹತ್ತಿದ ಕಡೆಯೋ ಅಂದಳು. ಹೌದು ಅಂದ. ಎರಡೂ ಕಡೆ ಇದ್ದರೆ ಏನು ಅಂದಳು. ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ಕೆಳಗೆ ಹೋಗಿ ಬಣ್ಣ ಬಳಿಯುವವರನ್ನು ಕೇಳಿ ಬಂದು ಹೇಳಿದ, ಎರಡೂ ಕಡೆ ಇದ್ದರೆ ಮೊದಲು ಕೋಣೆಗೆ ಗಾಳಿ ಬಿಡಿ, ಆಮೇಲೆ ಹೊಸ ಹಾಳೆ ಹಚ್ಚಿ ಮತ್ತೆ ನೋಡಿ. ಟೇಪು ಒದ್ದೆ ಗೋಡೆಗೆ ಅಂಟುವುದಿಲ್ಲವಲ್ಲ ಅಂದಳು. ಅಂಚನ್ನು ಬಟ್ಟೆಯಿಂದ ಒರೆಸಿ ಅಂಟಿಸಿ ಅಂದ. ಮಂಚ ಗೋಡೆಗೆ ಒತ್ತಿ ಇಟ್ಟಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಅಂದಳು. ಇದೆ, ಸ್ವಲ್ಪ ಈಚೆ ಎಳೆಯಿರಿ ಅಂದ. ಕೊನೆಗೆ ತನ್ನ ಗೋಡೆಯ ಹನಿ ಕೋಣೆಯ ಕಡೆ ಇದೆ, ಹಾಗಾದರೆ ನಿಮ್ಮ ಬಣ್ಣ ಬೇಡವಾ ಅಂತ ಕೇಳಿದಳು. ಅವನು ಬೇಡ ಅಂದ.

ಅವಳು ಕೇಳಿದ್ದನ್ನೆಲ್ಲ ಅದೇ ಕ್ರಮದಲ್ಲಿ ಬರೆದ. ಅಜ್ಜಿಯ ಪ್ರಶ್ನೆ, ಅದರ ಕೆಳಗೆ ತನ್ನ ಉತ್ತರ. ತಲೆಬರಹಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ, ಜನ ಹುಡುಕುವುದು ಹೇಗೋ ಹಾಗೇ ಇಟ್ಟ. ನಂಬರ್ ಕೇಳಲಿಲ್ಲ. ಕೊನೆಗೆ ಒಂದು ಸಾಲು, ಹಿಂದೆ ಹನಿ ಇದ್ದರೆ ಈ ನಂಬರಿಗೆ ಫೋನು ಮಾಡಿ, ಅಕ್ಕ ಇರುತ್ತಾರೆ ಅಂತ. ಅಕ್ಕ ಇರುತ್ತಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

ಇಂಥ ಪುಟ ಹಾಕಿದ ತಕ್ಷಣ ಜನರ ಕಣ್ಣಿಗೆ ಬೀಳುವುದಿಲ್ಲ. ಹುಡುಕಿದವರಿಗೆ ಮೇಲೆ ಕಾಣಿಸಿಕೊಳ್ಳಲು ವಾರಗಳು ಬೇಕು. ಮೆಷಿನ್ ಅದಕ್ಕೆ ಕಾಯುವುದಿಲ್ಲ. ಹಾಗಾಗಿ ಅವನು ಯಜಮಾನರ ಕೋಣೆಗೆ ಹೋದ. ಹೋಗುವ ಮುಂಚೆ ಬಾಗಿಲ ಮುಂದೆ ಎರಡು ಸಲ ತಿರುಗಿ ವಾಪಸು ಬಂದಿದ್ದ. ಮೂರನೇ ಸಲ ಫೋನಕ್ಕ ನೋಡಿದಳು. ಒಳಗೆ ಹೋದ.

ಯಜಮಾನರು ಪೂರ್ತಿ ಕೇಳಿ ಕನ್ನಡಕ ತೆಗೆದರು. ಇಷ್ಟು ದಿನ ಮೆಚ್ಚುಗೆ ಮೆಚ್ಚುಗೆ ಅಂತ ನನಗೆ ತೋರಿಸಿದ್ದೇನು ಅಂತ ಕೇಳಿದರು. ಅವನು ಹೊಸ ಪುಟ ತೋರಿಸಿದ. ಅವರು ಓದುತ್ತಾ ಒಂದು ಕಡೆ ನಿಂತರು.

"ನಮ್ಮ ಅಂಗಡೀಲೇ ಕೂತು ನಮ್ಮ ಬಣ್ಣ ಬೇಡ ಅಂತೀಯಲ್ಲೋ."

ಬೇಡದವರಿಗೆ ಬೇಡ ಅಂದಿದ್ದೇನೆ ಅಂದ. ಅವರು ಬಳಿಸಿಕೊಂಡಿದ್ದರೂ ಗೋಡೆ ಒಣಗುತ್ತಿರಲಿಲ್ಲ, ಆಮೇಲೆ ಬಂದು ಫೋನಿನಲ್ಲಿ ಕಿರುಚುತ್ತಿದ್ದರು, ಬೈಸಿಕೊಳ್ಳುತ್ತಿದ್ದವಳು ಅಕ್ಕ. ಬೇಡ ಅಂದದ್ದನ್ನು ನಂಬಿದವರು ಬೇಕು ಅಂದರೂ ನಂಬುತ್ತಾರೆ. ಇಷ್ಟು ಉದ್ದ ಅವನು ಯಜಮಾನರ ಮುಂದೆ ಯಾವತ್ತೂ ಮಾತಾಡಿರಲಿಲ್ಲ. ಆಮೇಲೆ ಒಂದೇ ಮಾತು ಕೇಳಿದ, ತೆಗೆಯುವುದಾದರೆ ನನ್ನನ್ನು ತೆಗೆಯಿರಿ, ಅಕ್ಕನನ್ನು ಬೇಡ.

ಇಬ್ಬರಲ್ಲಿ ಯಾರನ್ನು ತೆಗೆಯಬೇಕು ಅಂತ ನೀನು ಹೇಳಬೇಡ ಅಂದರು ಯಜಮಾನರು. ಮಳೆಗಾಲ ಮುಗಿಯುವವರೆಗೆ ಮೆಷಿನ್ ಬೇಡ, ಫೋನು ಬಂದರೆ ಸರಿ, ಬರದಿದ್ದರೆ ಆಗ ಇಬ್ಬರ ವಿಷಯವನ್ನೂ ನೋಡುತ್ತೇನೆ ಅಂದರು.

ಆ ವಾರಗಳು ಅವನಿಗೆ ಹೇಗೆ ಕಳೆದವೋ. ಕ್ಯಾಲೆಂಡರ್ ಖಾಲಿ ಬಿಟ್ಟ. ಐದು ಕಡೆ ಹಾಕುತ್ತಿದ್ದವನು ಎರಡೇ ಕಡೆ ಹಾಕಿದ, ಅದೂ ಹೇಳುವುದು ಇದ್ದರೆ ಮಾತ್ರ. ಖಾಲಿ ಚೌಕ ನೋಡಿದರೆ ಬೆರಳು ತುರಿಸುತ್ತಿತ್ತು. ಉಳಿದ ಹೊತ್ತು ಫೋನಕ್ಕನ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಅಳಿಯದೆ ಉಳಿದಿದ್ದ ಹಳೆಯ ಪುಟಗಳಿಗೆಲ್ಲ ಎಣಿಸುವ ವ್ಯವಸ್ಥೆ ಜೋಡಿಸಿದ. ನಿಜಕ್ಕೂ ಯಾರೂ ಬಾರದವನ್ನು ಅವಳಿಗೆ ಓದಿ ಹೇಳಿದ. ಅವಳು ಕೆಲವಕ್ಕೆ ಇಡು ಅಂದಳು, ಕೆಲವಕ್ಕೆ ತೆಗಿ ಅಂದಳು. ಕಾಲು ಮಾತ್ರ ಕುಣಿಯುತ್ತಲೇ ಇತ್ತು. ನಿನ್ನ ಕಾಲಿಗೆ ನನ್ನ ಲೋಟ ಅಲ್ಲಾಡುತ್ತದೆ, ದೂರ ಕೂರು ಅಂತ ಗದರಿದಳು.

ಮೊದಲು ಒಂದು ಫೋನು ಬಂತು, ಹಾಳೆಯ ಹಿಂದೆ ಹನಿ ಇದೆ ಅಂತ. ಅದು ಅಜ್ಜಿಯ ತಂಗಿಯ ಕಡೆಯವರದು, ಲೆಕ್ಕಕ್ಕಿಲ್ಲ ಅಂದಳು ಫೋನಕ್ಕ. ಆಮೇಲೆ ಗೊತ್ತೇ ಇಲ್ಲದ ಊರಿನಿಂದ ಒಂದು. ಒಂದು ಮಧ್ಯಾಹ್ನ ಒಂದರ ಹಿಂದೆ ಒಂದು ಬಂದವು. ಹಿಂದಿನ ವರ್ಷದಷ್ಟು ಬರಲಿಲ್ಲ, ನಿಜ. ಆದರೆ ಬಂದವರು ರೇಟು ಕೇಳಿ ಇಡಲಿಲ್ಲ. ಹನಿ ಯಾವ ಕಡೆ ಅಂತ ಮೊದಲೇ ಹೇಳಿ ಮಾತು ಶುರು ಮಾಡಿದರು. ಗೋದಾಮಿನಲ್ಲಿ ಡಬ್ಬದ ಮೇಲೆ ಕೂರುವವರು ಕಡಿಮೆಯಾದರು.

ಮಳೆ ನಿಲ್ಲುವ ಹೊತ್ತಿಗೆ ಒಂದು ಬೆಳಿಗ್ಗೆ ಫೋನಕ್ಕ ಫೋನು ಎತ್ತಿದಳು. ಕೈಯಿಂದ ರಿಸೀವರ್ ಮುಚ್ಚಿ ಯಜಮಾನರ ಕೋಣೆಯ ಕಡೆ ತಿರುಗಿದಳು. ಬಾಗಿಲು ತೆರೆದಿತ್ತು. ಪೋಸ್ಟ್‌ಮಾಸ್ಟರ್ ಎದ್ದು ನಿಂತ.

"ಮೆಷಿನ್‌ನವರು. ಯಾವತ್ತು ಬಂದು ಕೂರಿಸ್ಬೇಕು ಅಂತ ಕೇಳ್ತಿದಾರೆ."

ಯಜಮಾನರು ಒಂದು ಡಬ್ಬದ ಮೇಲಿನ ಚೀಟಿ ಓದುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಡ ಅಂದುಬಿಡಮ್ಮ. ನೀನೇ ಹೇಳು."

ಅವಳು ಹೇಳಿದಳು. ಎಲ್ಲರಿಗೂ ಹೇಳುವಷ್ಟೇ ನಿಧಾನವಾಗಿ, ಮರ್ಯಾದೆಯಿಂದ ಹೇಳಿದಳು. ಆ ಕಡೆಯವನು ಏನೋ ಕೇಳಿದ. ಬೇಡವಾದದ್ದಕ್ಕೆ ಕಾರಣ ಕೇಳಿರಬೇಕು. ಅವಳು ಪೋಸ್ಟ್‌ಮಾಸ್ಟರ್‌ನ ಕಡೆ ಒಮ್ಮೆ ನೋಡಿ, ನಾನು ಇದ್ದೀನಲ್ಲ ಅಂದಳು. ಫೋನು ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಏನೋ ತಮ್ಮ ನಿಂತೇ ಇದ್ದೀಯ, ಕೂತ್ಕೋ ಅಂದಳು.

ಅವನು ಕೂತ. ಸ್ವಲ್ಪ ಹೊತ್ತಿಗೆ ಎದ್ದ.